ಕಿವಿಯ ಹಿಂದಿನ ಒಡಕಿಗೆ ನಾನು ಹಚ್ಚಿದ ಮದ್ದು

1963ನೇ ಇಸವಿ, ಮಾರ್ಚ್ ತಿಂಗಳು. ನನಗಾಗ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಹೇಗೋ ಹಾರಿ ದಾಟಿ, ಕಾರ್ಕಳದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಹಾಜರಿ ಪುಸ್ತಕ ಬರೆಯುವ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಆ ಎರಡು ತಿಂಗಳಲ್ಲಿ ಗೇರುಬೀಜದ ಬಗ್ಗೆ ಲೋಕದಲ್ಲಿ ತಿಳಿಯಬೇಕಾದದ್ದೆಲ್ಲ ನನಗೆ ತಿಳಿದುಹೋಗಿದೆ ಎಂದು ನನಗೆ ಖಾತ್ರಿಯಾಗಿತ್ತು. ಅಲ್ಲಿ ಇಪ್ಪತ್ತು ವರ್ಷದಿಂದ ಬೀಜ ಒಡೆಯುತ್ತಿದ್ದ ಹೆಂಗಸರಿಗೆ ಅಷ್ಟು ಖಾತ್ರಿ ಇರಲಿಲ್ಲ.

ಗೇರುಬೀಜದ ಸಿಪ್ಪೆಯಿಂದ ಒಂದು ಎಣ್ಣೆ ಬರುತ್ತದೆ. ಕಪ್ಪಗೆ, ಬೆಲ್ಲದ ಪಾಕದ ಹಾಗೆ ದಪ್ಪ. ನಮ್ಮ ಕಡೆ ಅದನ್ನು ಹುಳ ಹಿಡಿಯದ ಹಾಗೆ ದೋಣಿಗೆ ಬಳಿಯುತ್ತಾರೆ, ಗೆದ್ದಲು ಬಾರದ ಹಾಗೆ ಮಾಡಿನ ಮರಕ್ಕೆ ಹಚ್ಚುತ್ತಾರೆ. ಹಿಮ್ಮಡಿ ಒಡೆದವರು ಒಡಕಿಗೆ ಒಂದು ತೊಟ್ಟು ಬಿಡುವುದೂ ಉಂಟು. ನಮ್ಮ ಅಮ್ಮನ ಹಿಮ್ಮಡಿ ಬೇಸಿಗೆಯ ಗದ್ದೆಯ ಹಾಗೆ ಬಿರಿದು ಕೂತಿತ್ತು. ನಾನು ಕಾರ್ಖಾನೆಯಿಂದ ತಲೆಗೆಣ್ಣೆಯ ಹಳೇ ಶೀಸೆಯಲ್ಲಿ ಸ್ವಲ್ಪ ಗೇರೆಣ್ಣೆ ತಂದು ಬಿಟ್ಟೆ. ಅಮ್ಮ ಎರಡು ದಿನ ಅಯ್ಯೋ ಅಮ್ಮಾ ಎಂದು ಕುಣಿದು, ಎಂಟನೇ ದಿನಕ್ಕೆ ಸರಿಯಾದರು. ಅಲ್ಲಿಂದ ನೆರೆಕರೆಯವರು ತಮಾಷೆಗೆ ನನ್ನನ್ನು 'ಡಾಕ್ಟ್ರೇ' ಎಂದು ಕರೆಯತೊಡಗಿದರು. ತಮಾಷೆ ಎಂದು ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ನನ್ನ ಅಕ್ಕ ಲೀಲಕ್ಕನನ್ನು ಕೊಟ್ಟದ್ದು ಕಾಪುವಿಗೆ. ಭಾವನಿಗೆ ಬೊಂಬಾಯಿಯಲ್ಲಿ ಹೋಟೆಲು ಕೆಲಸ. ವರ್ಷಕ್ಕೊಮ್ಮೆ ಹದಿನೈದು ದಿನ ಊರಿಗೆ ಬರುವವರು. ಅವರಿಗೆ ಒಬ್ಬಳೇ ಮಗಳು, ಚಂದು. ಮೂರು ತುಂಬಲು ಒಂದು ತಿಂಗಳು ಬಾಕಿ. ನಾನು ಹೋದರೆ ಸಾಕು, 'ಮಾಮಾ' ಎಂದು ಅಂಗಳಕ್ಕೆ ಓಡಿ ಬಂದು ನನ್ನ ಕಾಲಿಗೆ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತಿದ್ದಳು. ಆ ಮನೆಯಲ್ಲಿ ಅವಳ ಬುದ್ಧಿಗೆ ಸಮ ಇದ್ದವ ನಾನೊಬ್ಬನೇ ಅಲ್ವಾ! ಅವಳಿಗೆ ನಾನು ಉಡುಪಿಯಿಂದ ಒಂದು ಆಟದ ಕನ್ನಡಕ ತಂದುಕೊಟ್ಟಿದ್ದೆ. ಹಸಿರು ಗಾಜು, ತಂತಿಯ ಕಾಲು. ಅದನ್ನು ಹಾಕಿಕೊಂಡೇ ಊಟ, ಹಾಕಿಕೊಂಡೇ ನಿದ್ರೆ. ಒಂದು ದಿನ ಅದರ ಮೇಲೆ ಕೂತು ಎಡದ ಕಾಲು ಮುರಿದಳು. ನಾನು ತಾಮ್ರದ ತಂತಿ ಸುತ್ತಿ ರಿಪೇರಿ ಮಾಡಿಕೊಟ್ಟೆ. ಮುಂಚಿಗಿಂತ ಗಟ್ಟಿಯಾಯಿತು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ಮಾರ್ಚಿನಲ್ಲಿ ಭಾವ ರಜೆಯಲ್ಲಿ ಬಂದಿದ್ದರು. ಚಂದುವಿಗೆ ಮೂರು ತುಂಬುವ ಮೊದಲೇ ಕಿವಿ ಚುಚ್ಚಿಸಬೇಕು, ತಪ್ಪಿದರೆ ಐದನೇ ವರ್ಷದವರೆಗೆ ಕಾಯಬೇಕು, ನಾಲ್ಕರಲ್ಲಿ ಆಗದು ಎಂದು ಅವರ ಮನೆಯ ಲೆಕ್ಕ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಕಾದವ ಸೋದರಮಾವ, ಅಂದರೆ ನಾನು. ಸೋಮವಾರ ಕಿವಿ ಚುಚ್ಚುವುದು, ಬುಧವಾರ ಭಾವ ಬೊಂಬಾಯಿಗೆ ಹೊರಡುವುದು ಎಂದು ಗೊತ್ತಾಯಿತು. ಇಡೀ ಕಾರ್ಯಕ್ರಮದಲ್ಲಿ ನಾನು ಮಾಡಬೇಕಾದದ್ದು ಚಕ್ಕಳಮಕ್ಕಳ ಹಾಕಿ ಕೂರುವುದು ಮಾತ್ರ. ಅದನ್ನಾದರೂ ಕೆಡಿಸದೆ ಮಾಡಬಹುದಿತ್ತು.

ಶುಕ್ರವಾರ ಆಚಾರ್ರು ಕಿವಿ ನೋಡಲು ಬಂದರು. ಚಿನ್ನದ ಕೆಲಸದ ಮುದುಕರು. ಚಂದುವಿನ ಎಡಕಿವಿಯನ್ನು ಮೆಲ್ಲ ಮುಂದಕ್ಕೆ ಮಡಚಿ ನೋಡಿ "ಛೆ" ಎಂದರು. ಕಿವಿ ತಲೆಗೆ ಸೇರುವ ಆ ಸಂದಿನಲ್ಲಿ ಚರ್ಮ ಉದ್ದಕ್ಕೆ ಒಡೆದಿತ್ತು, ಬ್ಲೇಡಿನಲ್ಲಿ ಗೀರಿದ ಹಾಗೆ. ಹಳದಿ ನೀರು ಜಿನುಗಿ ಒಣಗಿ, ಮತ್ತೆ ಒಡೆದು ಕೆಂಪಗಿತ್ತು.

"ಲೀಲಮ್ಮ, ಇದು ಒಣಗದೆ ನಾನು ಕಿವಿ ಮುಟ್ಟುವುದಿಲ್ಲ" ಎಂದರು ಆಚಾರ್ರು.

"ತೆಂಗಿನೆಣ್ಣೆ ಹಚ್ಚಿದೆ, ಅರಿಶಿನ ಹಚ್ಚಿದೆ, ಬೆಣ್ಣೆ ಹಚ್ಚಿದೆ. ಒಂದು ದಿನ ಕೂಡ್ತದೆ, ಮರುದಿನ ಪುನಃ ಒಡೀತದೆ" ಎಂದಳು ಅಕ್ಕ. ಭಾವ ಬೀಡಿ ಹಚ್ಚಿ ಸಮುದ್ರದ ಕಡೆ ಹೋದರು.

ಶನಿವಾರ ಬೆಳಿಗ್ಗೆ ನಾನು ಕಾರ್ಕಳದಿಂದ ಬಂದಾಗ ಅಕ್ಕ ಇಷ್ಟನ್ನೂ ಹೇಳಿ ಕಣ್ಣೊರೆಸಿಕೊಂಡಳು. ನಾನು ಕಿವಿ ಬಗ್ಗಿಸಿ ನೋಡಿದೆ. ಒಡಕು! ನನಗೆ ಗೊತ್ತಿರುವ ಒಂದೇ ಒಂದು ಕಾಯಿಲೆ! ಶೀಸೆ ಬೇರೆ ನನ್ನ ಚೀಲದಲ್ಲೇ ಇತ್ತು. ಭಾವನ ಅಮ್ಮನ ಹಿಮ್ಮಡಿಗೆ ಎಂದು ತಂದಿದ್ದೆ. ಚರ್ಮ ಎಂದರೆ ಚರ್ಮ, ಹಿಮ್ಮಡಿಯಾದರೆ ಎಂತ, ಕಿವಿಯಾದರೆ ಎಂತ? ಎಂಟು ದಿನದ್ದು ಎರಡು ದಿನದಲ್ಲಿ ಆಗಬೇಕು, ಹಾಗಾಗಿ ಸ್ವಲ್ಪ ಜಾಸ್ತಿ ಹಚ್ಚುವುದು. ಇದು ನನ್ನ ವೈದ್ಯಶಾಸ್ತ್ರ.

ಭಾವ ತನ್ನ ಅಮ್ಮನನ್ನು ಕರೆದುಕೊಂಡು ಹೆಜಮಾಡಿಗೆ, ನೆಂಟರನ್ನು ಕರೆಯಲು ಹೋಗಿದ್ದರು. ಅಕ್ಕ ಬಟ್ಟೆ ಒಗೆಯಲು ಬಾವಿಕಟ್ಟೆಗೆ ಹೋದಳು. ನಾನು ಚಂದುವನ್ನು ಜಗಲಿಯಲ್ಲಿ ಕೂರಿಸಿ, ಕನ್ನಡಕ ತೆಗೆಸಿ, ಹಿಡಿಸೂಡಿಯ ಕಡ್ಡಿಗೆ ಹತ್ತಿ ಸುತ್ತಿ ಶೀಸೆಗೆ ಅದ್ದಿದೆ.

"ಮಾಮ, ಎಂತ ಅದು?"

"ಜೇನು. ಕಿವಿಗೆ ಜೇನು."

ಹಚ್ಚಿದೆ. ಅವಳು ಒಂದು ಗಳಿಗೆ ನಗುತ್ತಲೇ ಇದ್ದಳು. ಮತ್ತೆ ಅವಳ ಬಾಯಿ ಅಗಲವಾಯಿತು, ಸ್ವರ ಬರಲಿಲ್ಲ. ಸ್ವರ ಬಂದಾಗ ನನ್ನ ಕೈಯಿಂದ ಕಡ್ಡಿ ಬಿದ್ದುಹೋಯಿತು. ಅಂಥ ಕೂಗು ನಾನು ಈವರೆಗೆ ಕೇಳಿಲ್ಲ. ಗಾಬರಿಯಲ್ಲಿ ಚೊಂಬಿನ ನೀರು ಸುರಿದೆ. ಎಣ್ಣೆ ನೀರಿಗೆ ಹೋಗುತ್ತದಾ? ಕಿವಿಯಿಂದ ಜಾರಿ ಕುತ್ತಿಗೆಗೆ ಇಳಿಯಿತು. ಕೈಗೆ ಸಿಕ್ಕಿದ ಬೈರಾಸಿನಲ್ಲಿ ಒರೆಸಿದೆ. ಕೆನ್ನೆಗೆ ಹರಡಿತು. ಅವಳು ತನ್ನ ಕೈಯಿಂದ ಕಿವಿ ತಿಕ್ಕಿದಳು. ಈಗ ಅವಳ ಕೈಯಲ್ಲೂ ಎಣ್ಣೆ.

ಅಕ್ಕ ಒದ್ದೆ ಸೀರೆಯಲ್ಲೇ ಓಡಿ ಬಂದಳು. "ಎಂತಾಯ್ತು? ಎಂತ ಮಾಡಿದೆ ಸೀನ?"

ನಾನು ಅಷ್ಟರಲ್ಲಿ ಶೀಸೆಯನ್ನು ಲುಂಗಿಯ ಮಡಿಕೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಯಾಗಿತ್ತು. ಬುದ್ಧಿ ಓಡಬೇಕಾದಲ್ಲಿ ಓಡದ ನನಗೆ ಇಂಥದಕ್ಕೆ ಮಾತ್ರ ಕುದುರೆಯ ಹಾಗೆ ಓಡುತ್ತದೆ.

"ಎಂತ ಇಲ್ಲ ಅಕ್ಕ. ಸ್ವಲ್ಪ ತೆಂಗಿನೆಣ್ಣೆ ಹಚ್ಚಿದೆ. ಇರುವೆ ಕಚ್ಚಿತಾ ಅಂತ..."

ಇರುವೆ! ಅರ್ಧ ಗಂಟೆಯೊಳಗೆ ಕಿವಿ ಕೆಂಪಾಗಿ, ಬಾತು, ಹಿಂದೆಲ್ಲ ಕಪ್ಪು ಹಿಡಿಯಿತು. ಕುತ್ತಿಗೆಯಲ್ಲಿ ಎಣ್ಣೆ ಇಳಿದ ದಾರಿಯುದ್ದಕ್ಕೆ ಕೆಂಪು ಬರೆ. ಕೂಗು ಕೇಳಿ ಬಂದ ಪಕ್ಕದ ಮನೆಯ ದೇಜಮ್ಮಕ್ಕ ಬರೆ ನೋಡಿದ್ದೇ ಎದೆಗೆ ಕೈಯಿಟ್ಟರು.

"ಲೀಲಾ, ಇದು ಸರ್ಪಸುತ್ತು! ನೋಡು, ಹೇಗೆ ಸುತ್ತಿಕೊಂಡು ಬಂದಿದೆ. ಎರಡು ತುದಿ ಕೂಡುವ ಮೊದಲು ಉಡುಪಿಗೆ ಕೊಂಡುಹೋಗು. ಅಲ್ಲಿ ಒಬ್ಬರು ಸುಣ್ಣದಲ್ಲಿ ಅರೆದು ಮದ್ದು ಹಚ್ಚುತ್ತಾರೆ."

ಸುಣ್ಣ! ಆ ಸುಟ್ಟ ಕಿವಿಗೆ ಸುಣ್ಣ! "ಅಕ್ಕ, ಮಣಿಪಾಲಕ್ಕೆ ಹೋಗುವ, ದೊಡ್ಡ ಆಸ್ಪತ್ರೆಗೆ" ಎಂದೆ.

"ಸರ್ಪಸುತ್ತಿಗೆ ಆಸ್ಪತ್ರೆಯಲ್ಲಿ ಎಂತ ಮದ್ದು ಉಂಟು? ನೀನು ಸುಮ್ಮನಿರು."

ಸುಮ್ಮನಿದ್ದೆ. ಅಲ್ಲೇ, ಆ ಜಗಲಿಯಲ್ಲೇ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬಸ್ಸಿಗೆ ಓಡುವಾಗ ಹೇಳುವ ಎಂದುಕೊಂಡೆ. ಹತ್ತಿದ ಮೇಲೆ ಹೇಳುವ ಎಂದುಕೊಂಡೆ. ಬಸ್ಸು ಹೊರಟಿತು.

ಅಕ್ಕ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು ಕಿಟಕಿಯ ಬದಿ ಕೂತಿದ್ದಳು, ನಾನು ಪಕ್ಕದಲ್ಲಿ. ಚಂದು ಕೂಗಿ ಕೂಗಿ ಸ್ವರ ಹೋಗಿ ಬೆಕ್ಕಿನ ಮರಿಯ ಹಾಗೆ ನರಳುತ್ತಿದ್ದಳು. ಕೈಯನ್ನು ಪುನಃ ಪುನಃ ಕಿವಿಗೆ ಒಯ್ಯುತ್ತಿದ್ದಳು. ಎಡಗಣ್ಣಿನ ರೆಪ್ಪೆಯೂ ಕೆಂಪಾಗಿತ್ತು. ಯಾವಾಗ ಮುಟ್ಟಿದಳೋ, ನಾನು ನೋಡಿರಲಿಲ್ಲ.

ಕಟಪಾಡಿ ಹತ್ತಿರ ಬಂತು. ಆಗ ನನ್ನ ಸೊಂಟದಲ್ಲಿ ಏನೋ ಬೆಚ್ಚಗಾಯಿತು. ಮೊದಲು ಬೆವರು ಎಂದುಕೊಂಡೆ. ಮತ್ತೆ ಕೆಂಡ ಇಟ್ಟ ಹಾಗಾಯಿತು. ಆ ರಸ್ತೆಯ ಹೊಂಡಗಳಿಗೆ ಬಸ್ಸು ಕುಣಿದು ಶೀಸೆಯ ಬಿರಡೆ ಸಡಿಲಾಗಿತ್ತು! ಗೇರೆಣ್ಣೆ ಲುಂಗಿಯೊಳಗೆ ಇಳಿಯುತ್ತಾ ಇತ್ತು. ಎಲ್ಲಿಗೆ ಇಳಿಯುತ್ತಿತ್ತು ಎಂದು ಬರೆಯಲಾರೆ, ಹೆಂಗಸರೂ ಓದುತ್ತಾರೆ. ನಾನು ಎರಡೂ ಕಾಲು ಒತ್ತಿ, ಹಲ್ಲು ಕಚ್ಚಿ, ಸೀಟಿನ ಕಂಬಿ ಹಿಡಿದು ಕೂತೆ. ಬೇರೆ ದಿನವಾದರೆ ಸೀಟು ಹಾರಿ ಬಸ್ಸಿನ ಮಾಡಿನ ಮೇಲೆ ಕೂತಿರುತ್ತಿದ್ದೆ.

ಇಷ್ಟು ದೊಡ್ಡ ಕತ್ತೆಗೆ, ಇಷ್ಟು ದಪ್ಪ ಚರ್ಮಕ್ಕೆ ಹೀಗಾದರೆ, ಆ ಒಡೆದ ಸಂದಿಗೆ ಹೇಗಾಗಿರಬೇಕು? ಅದು ನನಗೆ ತಿಳಿದದ್ದು ಆ ಹೊತ್ತಿಗೆ. ತಿಳಿಯಲು ನನಗೆ ಯಾವತ್ತೂ ಸುಡಬೇಕು.

ಚಂದುವಿನ ಕಣ್ಣಿಂದ ನೀರು ಇಳಿಯಿತು. ಅಕ್ಕ ಹೆಗಲ ಮೇಲಿನ ಬೈರಾಸು ತೆಗೆದಳು. ನಾನು ಎಣ್ಣೆ ಒರೆಸಿದ ಅದೇ ಬೈರಾಸು. ಅವಳು ಅದರ ತುದಿಯನ್ನು ಬೆರಳಿಗೆ ಸುತ್ತಿಕೊಂಡು, "ಅಳಬೇಡ ಮಗಾ" ಎಂದು ಕಣ್ಣಿನ ಹತ್ತಿರ ತಂದಳು.

"ಅಕ್ಕಾ! ಬೇಡ! ಅದರಲ್ಲಿ ಕಣ್ಣು ಒರೆಸಬೇಡ!"

ನಾನು ಅವಳ ಕೈಯಿಂದ ಬೈರಾಸು ಕಿತ್ತುಕೊಂಡಿದ್ದೆ. ಬಸ್ಸಿನವರೆಲ್ಲ ತಿರುಗಿದರು.

"ಎಂತ ಮಾರಾಯ ನಿಂಗೆ?" ಎಂದಳು ಅಕ್ಕ.

"ಅದರಲ್ಲಿ ಗೇರೆಣ್ಣೆ ಉಂಟು. ನಾನೇ ಮಗುವಿನ ಕಿವಿಗೆ ಹಚ್ಚಿದ್ದು. ಸರ್ಪಸುತ್ತು ಅಲ್ಲ. ತೆಂಗಿನೆಣ್ಣೆಯೂ ಅಲ್ಲ. ಇರುವೆಯೂ ಇಲ್ಲ."

ಅಕ್ಕ ಬೈಯಲಿಲ್ಲ. ನನ್ನನ್ನೇ ನೋಡಿದಳು, ಯಾರೋ ಗುರುತಿಲ್ಲದವನನ್ನು ನೋಡುವ ಹಾಗೆ. ಅದಕ್ಕಿಂತ ಎರಡು ಬಾರಿಸಿದ್ದರೆ ಸುಖ ಇತ್ತು.

ಹಿಂದಿನ ಸೀಟಿನಿಂದ ಒಬ್ಬರು ವಯಸ್ಸಾದ ಹೆಂಗಸು ಎದ್ದು ಬಂದರು. ಬುತ್ತಿಯ ಪಾತ್ರೆಯನ್ನು ಕಂಕುಳಲ್ಲಿ ಒತ್ತಿ ಹಿಡಿದಿದ್ದರು. ಅವರ ಎರಡೂ ಅಂಗೈ ಕರಿ. ಬೆರಳ ತುದಿಗಳು ಸುಲಿದು, ಒಡೆದು, ಜಡ್ಡುಗಟ್ಟಿದ್ದವು. ಬೀಜ ಒಡೆಯುವವರ ಕೈ. ಮಗುವಿನ ಕಿವಿ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಹುಡುಗಾ, ನಿನ್ನ ತಲೆಯೊಳಗೆ ತಿರುಳು ಉಂಟಾ, ಬರೀ ಸಿಪ್ಪೆಯಾ?"

"ಸಿಪ್ಪೆ" ಎಂದೆ. ಆಗ ಸುಳ್ಳು ಹೇಳುವ ಶಕ್ತಿ ಇರಲಿಲ್ಲ.

"ನೀರು ಹಾಕಿದೆಯಾ?"

"ಹಾಕಿದೆ."

"ಹಾಕಿ ಕುತ್ತಿಗೆಗೂ ಬಡಿಸಿದೆ. ಒಳ್ಳೇ ಬಡಿಸುವವ. ತೆಂಗಿನೆಣ್ಣೆ ಬೇಕು, ತುಂಬ ಬೇಕು. ಇದಕ್ಕೆ ನೀರು ನಾಟುವುದಿಲ್ಲ, ಎಣ್ಣೆಯೇ ಆಗಬೇಕು." ಅವರು ಬಸ್ಸಿನ ಕಡೆ ತಿರುಗಿ ಕೂಗಿದರು. "ಯಾರ ಹತ್ತಿರವಾದರೂ ತೆಂಗಿನೆಣ್ಣೆ ಉಂಟಾ?"

ಮುಂದಿನ ಸೀಟಿನಲ್ಲಿ ಟೊಪ್ಪಿ ಹಾಕಿದ ಒಬ್ಬ ಬ್ಯಾರಿ ವ್ಯಾಪಾರಿ ಗಾಣದಿಂದ ಬರುತ್ತಿದ್ದರು, ಕಾಲಡಿಯಲ್ಲಿ ಎಣ್ಣೆಯ ಡಬ್ಬಿ. ಏನೂ ಕೇಳದೆ ಮುಚ್ಚಳ ತೆಗೆದು ಕೊಟ್ಟರು. "ಮಗುವಿಗೆ ಅಲ್ವಾ, ಬೇಕಾದಷ್ಟು ತಕ್ಕೊಳ್ಳಿ."

ಆ ಹೆಂಗಸು ತನ್ನ ಬುತ್ತಿ ಕಟ್ಟಿದ್ದ ಒಗೆದ ಬಟ್ಟೆಯನ್ನು ಹರಿದು ಎಣ್ಣೆಗೆ ಅದ್ದಿದರು. ಕಿವಿ, ಕೆನ್ನೆ, ಕುತ್ತಿಗೆ, ಒಂದೊಂದೇ ಸಲ ಒತ್ತಿ, ಕಣ್ಣಿನಿಂದ ಹೊರಗಡೆಗೇ ತೆಗೆಯುತ್ತಾ ಬಂದರು. ಒಮ್ಮೆ ಮುಟ್ಟಿಸಿದ ತುಂಡನ್ನು ಪುನಃ ಮುಟ್ಟಿಸಲಿಲ್ಲ, ಕಿಟಕಿಯಿಂದ ಬಿಸಾಡಿದರು. ಚಂದುವಿನ ಎರಡು ಕೈಯನ್ನೂ ಎಣ್ಣೆಯಲ್ಲಿ ತೊಳೆದ ಹಾಗೆ ಮಾಡಿ ಅಕ್ಕನ ಸೆರಗಿನ ಕೊನೆಯಲ್ಲಿ ಕಟ್ಟಿದರು. ಒಡೆದ ಆ ಬೆರಳುಗಳು ಅಷ್ಟು ಮೆತ್ತಗೆ ನಡೆಯಬಹುದೆಂದು ನಾನು ಎಣಿಸಿರಲಿಲ್ಲ. ದಿನಾ ಬೆಳಿಗ್ಗೆ ಅಂಥ ಹೆಂಗಸರ ಹೆಸರು ಸಾಲಾಗಿ ಬರೆಯುವವ ನಾನು. ಒಬ್ಬರ ಕೈಯನ್ನೂ ಸರಿಯಾಗಿ ನೋಡಿರಲಿಲ್ಲ.

"ಚರ್ಮ ಬರ್ತದೆ ಮಗಳೇ" ಎಂದರು ಅಕ್ಕನಿಗೆ. "ನಮಗೆ ಎಷ್ಟು ಸಲ ಹೋಗಿ ಬಂದಿಲ್ಲ. ಕಣ್ಣಿಗೆ ಹೋಗಿದೆಯಾ ಅಂತ ಮಾತ್ರ ನನಗೆ ಗೊತ್ತಾಗುವುದಿಲ್ಲ. ಸುಣ್ಣಗಿಣ್ಣ ಬೇಡ. ಸೀದಾ ಮಣಿಪಾಲ."

ಅವರು ಉದ್ಯಾವರದಲ್ಲಿ ಇಳಿಯಬೇಕಾದವರು. ಕಂಡಕ್ಟರ್ "ಅಮ್ಮಾ, ನಿಮ್ಮ ಸ್ಟಾಪು" ಎಂದರೆ "ಹೋಗಲಿ ಬಿಡು" ಎಂದರು. ಉಡುಪಿಯಲ್ಲಿ ಇಳಿದು ಬಾಡಿಗೆ ಕಾರು ಹಿಡಿದೆವು. ಅದರಲ್ಲೂ ಅವರು ನಮ್ಮೊಟ್ಟಿಗೆ ಕೂತರು. ಮಣಿಪಾಲದ ಗುಡ್ಡ ಹತ್ತುವಾಗ ಅಕ್ಕ ಚಂದುವಿನ ಮುಖದ ಮುಂದೆ ಕೈಯಾಡಿಸಿ ಕೇಳುತ್ತಿದ್ದಳು, "ಚಂದೂ, ಅಮ್ಮ ಕಾಣ್ತದಾ? ಅಮ್ಮ ಕಾಣ್ತದಾ ಮಗಾ?" ಮಗು ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು. ತೆರೆಯುತ್ತಲೇ ಇರಲಿಲ್ಲ.

ಆಸ್ಪತ್ರೆಯಲ್ಲಿ ಒಬ್ಬರು ಕನ್ನಡಿಯಂಥ ತಲೆಯ ಡಾಕ್ಟರು. "ಎಂತ ಹಚ್ಚಿದ್ದು?" ಎಂದರು. ಈ ಸಲ ನಾನೇ ಮುಂದೆ ಹೋಗಿ ಶೀಸೆ ಎತ್ತಿ ತೋರಿಸಿದೆ. ಅವರು ಶೀಸೆ ನೋಡಿದರು, ಕಲೆಯಾದ ನನ್ನ ಲುಂಗಿ ನೋಡಿದರು, ಒಳಗೆ ಹೋದರು.

ಬಾಗಿಲು ಮುಚ್ಚಿತು. ಹೊರಗೆ ನಾನು, ಆ ಹೆಂಗಸು. ನನ್ನ ಸೊಂಟ ಧಗಧಗ ಎನ್ನುತ್ತಿತ್ತು. ಬೆಂಚಿನಲ್ಲಿ ಕೂರಲಾಗದೆ ಒಂದೇ ಕಾಲಿನಲ್ಲಿ ಕೊಕ್ಕರೆಯ ಹಾಗೆ ನಿಂತಿದ್ದೆ. ಮಗುವಿನ ಕಣ್ಣು ಹೋದರೆ ನನ್ನದೊಂದು ಕೊಡುತ್ತೇನೆ ಎಂದು ದೇವರಿಗೆ ಹೇಳಿದೆ. ಹೇಗೆ ಕೊಡುವುದು ಎಂದು ಗೊತ್ತಿರಲಿಲ್ಲ. ತಮಾಷೆಗೆ ಹೇಳಿದ್ದಲ್ಲ.

ಎಷ್ಟೋ ಹೊತ್ತಿನ ಮೇಲೆ ಡಾಕ್ಟರು ಬಾಗಿಲು ತೆರೆದು ಕರೆದರು. "ಕಣ್ಣಿನೊಳಗೆ ಹೋಗಿಲ್ಲ. ರೆಪ್ಪೆಗೆ ಮಾತ್ರ ತಾಗಿದೆ. ದಾರಿಯಲ್ಲಿ ಎಣ್ಣೆ ಹಾಕಿ ತೆಗೆದದ್ದು ಯಾರು? ಒಳ್ಳೆ ಕೆಲಸ ಮಾಡಿದ್ದೀರಿ."

ನಾನು ತಿರುಗಿ ನೋಡಿದೆ. ಬೆಂಚು ಖಾಲಿ. ಅವರು ಬುತ್ತಿ ತೆಗೆದುಕೊಂಡು ಹೋಗಿಯಾಗಿತ್ತು. ಹೆಸರು ಕೇಳಲು ಅಕ್ಕನಿಗೂ ನನಗೂ ನೆನಪಾಗಿರಲಿಲ್ಲ.

ಕತೆ ಅಲ್ಲಿಗೆ ಮುಗಿದಿದ್ದರೆ ನನಗೆ ಸ್ವಲ್ಪ ಮಾನ ಉಳಿಯುತ್ತಿತ್ತು. ಹಾಸಿಗೆಯ ಮೇಲಿದ್ದ ಚಂದು ಒಡೆದ ಸ್ವರದಲ್ಲಿ "ಕನ್ನಡಕ" ಎಂದಳು. ಅಕ್ಕ ಚೀಲದಿಂದ ತೆಗೆದು ಕೊಡಹೊರಟಾಗ ಡಾಕ್ಟರು ಕೈಚಾಚಿ ತೆಗೆದುಕೊಂಡರು. ತಿರುಗಿಸಿ ನೋಡಿದರು. ಎಡದ ಕಾಲಿನ ಮೇಲೆ ಬೆರಳಾಡಿಸಿದರು. ಅಲ್ಲಿ ತಾಮ್ರದ ತಂತಿಯ ತುದಿ ಮುಳ್ಳಿನ ಹಾಗೆ ನಿಂತಿತ್ತು. ಅದನ್ನು ಮಗುವಿನ ಕಿವಿಯ ಹತ್ತಿರ, ಮುಟ್ಟಿಸದೆ, ಹಿಡಿದು ನೋಡಿದರು.

"ಕಿವಿ ಯಾಕೆ ಪುನಃ ಪುನಃ ಒಡೀತಿತ್ತು ಅಂತ ಈಗ ಗೊತ್ತಾಯ್ತಲ್ಲ. ಇದನ್ನು ರಿಪೇರಿ ಮಾಡಿದ್ದು ಯಾರು?"

ಅಕ್ಕ ನನ್ನ ಕಡೆ ನೋಡಿದಳು. ಡಾಕ್ಟರೂ ನೋಡಿದರು. "ಅದೂ ನೀನೇನಾ?" ಎಂದರು.

ಕಾಯಿಲೆ ತಂದವನೂ ನಾನೇ, ಮದ್ದು ಹಚ್ಚಿದವನೂ ನಾನೇ. ಆಮೇಲೆ ಅವರು ನನ್ನನ್ನೂ ಪರದೆಯ ಹಿಂದೆ ಕರೆದು ಮುಲಾಮು ಹಚ್ಚಿದರು. ಆ ವಿವರ ಬೇಡ.

ಸೋಮವಾರ ಚಂದು ಆಸ್ಪತ್ರೆಯಲ್ಲೇ ಇದ್ದಳು. ಕಿವಿ ಚುಚ್ಚುವುದು ನಿಂತಿತು. ಬುಧವಾರ ಭಾವ ಹೊರಟರು. ನನಗೆ ಅವರು ಹೇಳಿದ್ದು ಇಷ್ಟೆ: "ಸೀನ, ನೀನು ಬೊಂಬಾಯಿಗೆ ಮಾತ್ರ ಬರಬೇಡ. ನನ್ನ ಹೋಟೆಲಿನಲ್ಲಿ ಒಲೆ ಉಂಟು." ಅಕ್ಕ ಮೂರು ತಿಂಗಳು ಮಾತು ಬಿಟ್ಟಳು. ಮತ್ತೆ ಒಂದು ದಿನ ಕಾರ್ಕಳಕ್ಕೆ ಬಂದವಳು, ಊಟ ಬಡಿಸುತ್ತಾ ಹೇಳಿದಳು. "ಹಚ್ಚಿದ್ದಕ್ಕೆ ಸಿಟ್ಟಲ್ಲ ಮಾರಾಯ. ನಿನ್ನ ತಲೆ ಎಷ್ಟು ಅಂತ ನನಗೆ ಹುಟ್ಟಿನಿಂದ ಗೊತ್ತು. ನಾನು ಕೇಳಿದಾಗ ತೆಂಗಿನೆಣ್ಣೆ ಅಂದೆಯಲ್ಲ. ಅದಕ್ಕೆ."

ಚಂದುವಿನ ಕಿವಿ ಮಳೆಗಾಲಕ್ಕೆ ಮೊದಲೇ ಗುಣವಾಯಿತು. ಹಿಂದೆ ತೆಳ್ಳಗೆ ಒಂದು ಬಿಳಿ ಗೆರೆ ಉಳಿಯಿತು, ಅಷ್ಟೆ. ಆದರೆ ಅವಳು ನನ್ನ ಹತ್ತಿರ ಬರುವುದು ಬಿಟ್ಟಳು. ನಾನು ಅಂಗಳಕ್ಕೆ ಕಾಲಿಟ್ಟರೆ ಎಡಗೈಯಿಂದ ಕಿವಿ ಮುಚ್ಚಿಕೊಂಡು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನಾನು ಕೋತಿಯ ಹಾಗೆ ಕುಣಿದೆ, ಕೋಳಿಯ ಹಾಗೆ ಕೂಗಿದೆ. ಬಾಗಿಲ ಸಂದಿನಿಂದ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಎರಡು ವರ್ಷ ಹೀಗೇ ಹೋಯಿತು.

ಹೋದ ವರ್ಷ ಅವಳ ಐದನೇ ವರ್ಷದಲ್ಲಿ ಕಿವಿ ಚುಚ್ಚುವುದು ಇಟ್ಟರು. ಮಡಿಲಲ್ಲಿ ಕೂರಿಸಿಕೊಳ್ಳಲು ಬಜಗೋಳಿಯ ದೊಡ್ಡಮ್ಮನ ಮಗ ರಾಮಣ್ಣನಿಗೆ ಹೇಳಿದ್ದರು. ನ್ಯಾಯವೇ. ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಅದೇ ಆಚಾರ್ರು ಸೂಜಿ ಸರಿಮಾಡುತ್ತಿದ್ದರು. ರಾಮಣ್ಣ ಮಣೆಯ ಮೇಲೆ ಕೂತು ಕೈಚಾಚಿದ. ಚಂದು ಅವನನ್ನು ನೋಡಿದಳು, ಸೂಜಿಯನ್ನು ನೋಡಿದಳು, ಮತ್ತೆ ಎಲ್ಲರ ಮಧ್ಯೆ ನಡೆದುಕೊಂಡು ಸೀದಾ ನನ್ನ ಮುಂದೆ ಬಂದು ನಿಂತಳು. ಕಿವಿಯ ಮೇಲೆ ಕೈ ಇತ್ತು.

"ಕೈ ತೋರಿಸು" ಎಂದಳು.

ತೋರಿಸಿದೆ. ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಒಂದೊಂದೇ ಬೆರಳು ಮೂಸಿದಳು.

"ಸೊಂಟ?"

ಅಷ್ಟು ನೆಂಟರ ಮುಂದೆ ಅಂಗಿ ಎತ್ತಿ, ಸುಟ್ಟ ಕಲೆಯ ಮೇಲಿನ ತುದಿ ತೋರಿಸಿ, ಅಲ್ಲಿ ಶೀಸೆ ಇಲ್ಲ ಎಂದು ತಿರುಗಿ ನಿಂತೆ. ಅವಳು ಕಲೆಯನ್ನು ಬೆರಳಿನಿಂದ ಮುಟ್ಟಿದಳು.

"ಉರೀತದಾ ಮಾಮ?"

"ಈಗ ಇಲ್ಲ."

"ನಂಗೂ ಈಗ ಇಲ್ಲ" ಎಂದು ಕಿವಿಯಿಂದ ಕೈ ತೆಗೆದಳು.

ರಾಮಣ್ಣ ನಗುತ್ತಾ ಮಣೆ ಬಿಟ್ಟು ಎದ್ದ. ನಾನು ಕೂತೆ, ಅವಳು ನನ್ನ ಮಡಿಲಲ್ಲಿ ಕೂತಳು. ಸೂಜಿ ಇಳಿಯುವಾಗ ಒಮ್ಮೆ 'ಸ್ಸ್' ಎಂದಳು, ಅಳಲಿಲ್ಲ. ಆಚಾರ್ರು ತಲೆ ಎತ್ತಿ ನನ್ನ ಮುಖ ನೋಡಿ "ಎಂತ ಮಾರಾಯ, ಚುಚ್ಚಿದ್ದು ಅವಳಿಗಾ ನಿನಗಾ?" ಎಂದರು. ಒರೆಸಿಕೊಳ್ಳಲು ಅಕ್ಕ ಒಂದು ಬೈರಾಸು ಕೊಟ್ಟಳು. ಕೊಡುವ ಮೊದಲು ಮೂಸಿ ನೋಡಿ ಕೊಟ್ಟಳು.

ಈಗಲೂ ಕಾಪುವಿಗೆ ಹೋದರೆ ನಾನು ಅಂಗಳದಲ್ಲಿ ನಿಂತು ಎರಡೂ ಕೈ ತೋರಿಸಿಯೇ ಒಳಗೆ ಹೋಗುವುದು. ಆ ಬಸ್ಸಿನ ಅಮ್ಮ ಪುನಃ ಸಿಗಲಿಲ್ಲ. ಉದ್ಯಾವರದಲ್ಲಿ ಬಸ್ಸು ನಿಂತಾಗ ಇಳಿಯುವವರ ಕೈ ನೋಡುತ್ತೇನೆ. ಅವರು ಇದನ್ನು ಓದಲಾರರು, ಓದಿ ಹೇಳುವವರು ಯಾರಾದರೂ ಇದ್ದರೆ ಹೇಳಿ: ಕಾಪುವಿನಲ್ಲಿ ಹೇಳಬೇಕಾದದ್ದನ್ನು ಕಟಪಾಡಿಯವರೆಗೆ ನುಂಗಿಕೊಂಡು ಬಂದ ಆ ಸಿಪ್ಪೆತಲೆಯ ಹುಡುಗ ಈಗ ಯಾರು ಕೇಳಿದರೂ ಕೂಡಲೇ ನಿಜ ಹೇಳಿಬಿಡುತ್ತಾನೆ. ಮಗು ಚೆನ್ನಾಗಿದ್ದಾಳೆ. ಎರಡು ಕಿವಿಯಲ್ಲೂ ಓಲೆ ಉಂಟು.